ಗರ್ಭ ನಿಲ್ಲದಿದ್ದಾಗ ನಾನು ರಕ್ತದಲ್ಲಿ ಹುಡುಕುವುದು

ಎರಡು ಮೂರು ಸಲ ಬಸಿರು ಇಳಿದುಹೋದ ಮೇಲೆ ನನ್ನ ಹತ್ತಿರ ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಫೈಲಿನಲ್ಲಿ ‘ಥ್ರಾಂಬೋಫಿಲಿಯಾ ಪ್ಯಾನೆಲ್’, ಅಂದರೆ ರಕ್ತ ಬೇಗ ಹೆಪ್ಪುಗಟ್ಟುವ ಗುಣವನ್ನು ಹುಡುಕುವ ಪರೀಕ್ಷೆಗಳ ಕಂತೆ, ಇದ್ದೇ ಇರುತ್ತದೆ: ಪ್ರೋಟೀನ್ ಸಿ, ಪ್ರೋಟೀನ್ ಎಸ್, ಫ್ಯಾಕ್ಟರ್ 5 ಲೈಡನ್, ಎಂಟಿಎಚ್‌ಎಫ್‌ಆರ್, ಹೋಮೋಸಿಸ್ಟೀನ್. ಮೆಕ್ಕೆಜೋಳ ಮಾರಿದ ದುಡ್ಡು ಅದಕ್ಕೆ ಹೋಗಿರುತ್ತದೆ. ಯಾವುದೋ ಒಂದು ಸಾಲಿಗೆ ಗೆರೆ ಎಳೆದು ‘ನಿಮ್ಮ ರಕ್ತ ಗಟ್ಟಿಯಾಗುತ್ತೆ, ಅದಕ್ಕೇ ಹೀಗೆ’ ಅಂದಿರುತ್ತಾರೆ.

ನಾನು ಮೊದಲು ನೋಡುವುದು ಆ ರಿಪೋರ್ಟಿನ ತಾರೀಖು. ಪ್ರೋಟೀನ್ ಎಸ್ ಕಡಿಮೆ ಎಂದು ಬಂದದ್ದು ಬಸಿರಿದ್ದಾಗ ತೆಗೆದ ರಕ್ತದಲ್ಲಾದರೆ ಅದನ್ನು ಪಕ್ಕಕ್ಕಿಡುತ್ತೇನೆ. ಹೆರಿಗೆಯಲ್ಲಿ ರಕ್ತ ಹೋಗುತ್ತದೆಂದು ದೇಹ ಮೊದಲೇ ತಯಾರಾಗುತ್ತದೆ. ಹೆಪ್ಪುಗಟ್ಟಿಸುವ ಫೈಬ್ರಿನೋಜನ್, ಫ್ಯಾಕ್ಟರ್ 7, 8, 10 ಎಂಬ ಪ್ರೋಟೀನುಗಳು ಏರುತ್ತವೆ, ಹೆಪ್ಪಿಗೆ ಕಡಿವಾಣ ಹಾಕುವ ಪ್ರೋಟೀನ್ ಎಸ್ ತಾನಾಗಿ ಇಳಿಯುತ್ತದೆ. ಎಂಟಿಎಚ್‌ಎಫ್‌ಆರ್ ಪರೀಕ್ಷೆಯನ್ನು ನಾನು ಬರೆಯುವುದೇ ಇಲ್ಲ. ಆ ಜೀನಿನ ಬದಲಾವಣೆ ಆರೋಗ್ಯವಂತರಲ್ಲೂ ಎಷ್ಟೋ ಜನರಿಗಿದೆ. ರಕ್ತ ಬೇಗ ಹೆಪ್ಪುಗಟ್ಟಿಸುವ ಜೀನ್ ದೋಷವಾದ ಫ್ಯಾಕ್ಟರ್ 5 ಲೈಡನ್ 1994ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ ಪತ್ತೆಯಾದದ್ದು. ಯುರೋಪಿನವರಲ್ಲಿ ನೂರಕ್ಕೆ ಸುಮಾರು ಐದು ಮಂದಿಗೆ ಇರುತ್ತದೆ, ನಮ್ಮ ಕಡೆ ಅಪರೂಪ. ಇದ್ದರೂ ಗರ್ಭ ಉಳಿಸಲಿಕ್ಕೆಂದು ಹೆಪ್ಪು ತಡೆಯುವ ಹೆಪರಿನ್ ಇಂಜೆಕ್ಷನ್ ಕೊಟ್ಟು ಲಾಭವಿಲ್ಲ. ಹುಟ್ಟಿನಿಂದ ಬಂದ ಇಂಥ ದೋಷವಿದ್ದು, ಎರಡು ಅಥವಾ ಹೆಚ್ಚು ಗರ್ಭಪಾತವಾದ 326 ಮಹಿಳೆಯರ ಮೇಲೆ ನಡೆದ ‘ಅಲೈಫ್-2’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಶೇ. 72, ತೆಗೆದುಕೊಳ್ಳದವರಲ್ಲಿ ಶೇ. 71 ಮಂದಿಗೆ ಜೀವಂತ ಮಗು. ಆದರೂ ‘ಒಂದಿರಲಿ ಬಿಡಿ’ ಎಂದು ಬರೆಯುವವರಿದ್ದಾರೆ. ಒಂಬತ್ತು ತಿಂಗಳು ದಿನಾ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದು ‘ಒಂದಿರಲಿ’ ಅನ್ನುವಂಥ ಮಾತಲ್ಲ.

ಬಿಡದೆ ಮಾಡಿಸುವುದು ಆಂಟಿಫಾಸ್ಫೋಲಿಪಿಡ್ ಪರೀಕ್ಷೆ. ದೇಹ ತನ್ನ ಮೇಲೆಯೇ ತಿರುಗಿಬಿದ್ದು ತಯಾರಿಸುವ, ಹೆಪ್ಪು ಹೆಚ್ಚಿಸುವ ಪ್ರತಿಕಾಯಗಳನ್ನು ಹುಡುಕುವುದು ಅದು. ಅದರಲ್ಲಿ ಮೂರು ಭಾಗ: ಲೂಪಸ್ ಆಂಟಿಕೊಯಾಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್. ಹತ್ತು ವಾರ ದಾಟಿ, ರೂಪದಲ್ಲಿ ದೋಷವಿಲ್ಲದ ಮಗು ಒಂದೇ ಸಲ ಹೋಗಿದ್ದರೂ ಮಾಡಿಸುತ್ತೇನೆ. ಗರ್ಭಪಾತವಾದ ವಾರವೇ ಬೇಡ, ಆರು ವಾರ ಕಳೆಯಲಿ ಅನ್ನುತ್ತೇನೆ. ಪಾಸಿಟಿವ್ ಬಂದರೆ ಹನ್ನೆರಡು ವಾರ ಬಿಟ್ಟು ಇನ್ನೊಮ್ಮೆ. ಜ್ವರ, ಸೋಂಕು ಬಂದಾಗಲೂ ಈ ಪ್ರತಿಕಾಯಗಳು ಇಣುಕಿ ಮಾಯವಾಗುವುದರಿಂದ ಎರಡನೆಯ ಸಲವೂ ಉಳಿದಿದ್ದರೆ ಮಾತ್ರ ಲೆಕ್ಕ. ಹಳೆಯ ತಾಯಿ ಕಾರ್ಡಿನಲ್ಲಿ ವಿಡಿಆರ್‌ಎಲ್ ಪಾಸಿಟಿವ್ ಎಂದಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಸಿಫಿಲಿಸ್ ಹುಡುಕುವ ಆ ಪರೀಕ್ಷೆಯ ದ್ರಾವಣದಲ್ಲೂ ಕಾರ್ಡಿಯೋಲಿಪಿನ್ ಇರುವುದರಿಂದ ಆಂಟಿಫಾಸ್ಫೋಲಿಪಿಡ್ ಕಾಯಿಲೆಯಲ್ಲಿ ಅದು ಸುಳ್ಳು ಪಾಸಿಟಿವ್ ತೋರಿಸಬಹುದು. ಟಿಪಿಎಚ್‌ಎ ಎಂಬ ಸಿಫಿಲಿಸ್ ಖಚಿತಪಡಿಸುವ ಪರೀಕ್ಷೆ ನೆಗೆಟಿವ್ ಬಂದ ದಿನ ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಇದನ್ನು ಬಿಡಿಸಿ ಹೇಳುತ್ತೇನೆ. ಆ ಒಂದು ಚೀಟಿಯಿಂದ ಮನೆಯಲ್ಲಿ ಏನೇನು ಮಾತು ನಡೆದಿರುತ್ತದೋ.

ಲೂಪಸ್ ಆಂಟಿಕೊಯಾಗ್ಯುಲಂಟ್ ಹುಡುಕಲು ಲ್ಯಾಬಿನಲ್ಲಿ ಬಳಸುವುದು ಕೊಳಕುಮಂಡಲ ಹಾವಿನ ವಿಷ, ತೀರಾ ತೆಳುಮಾಡಿದ್ದು. ಅದು ನೇರವಾಗಿ ಫ್ಯಾಕ್ಟರ್ 10 ಅನ್ನು ಎಬ್ಬಿಸುತ್ತದೆ. ಗದ್ದೆ ಬದುವಿನಲ್ಲಿ ಆ ಹಾವನ್ನು ಕಂಡವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ವಿಚಿತ್ರವೆಂದರೆ ಈ ಪ್ರತಿಕಾಯವಿದ್ದರೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಮೈಯೊಳಗೆ ಬೇಡದ ಕಡೆ ಗಟ್ಟಿಯಾಗುತ್ತದೆ. ಮಾಸು ಬೇರೂರುವುದನ್ನೇ ಅದು ಕೆಡಿಸುತ್ತದೆ.

ನಮ್ಮಂಥ ಸಣ್ಣ ಊರಲ್ಲಿ ನಿಜವಾದ ತಲೆನೋವು ಸ್ಯಾಂಪಲ್ಲಿನದು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬು ಗೆರೆಯವರೆಗೆ ತುಂಬಬೇಕು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ನಾಲ್ಕು ಗಂಟೆಯೊಳಗೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ಪ್ಲೇಟ್‌ಲೆಟ್ ಉಳಿಯದಂತೆ ಪ್ಲಾಸ್ಮಾ ಬೇರ್ಪಡಿಸಬೇಕು. ಸಂಜೆ ಬಸ್ಸಿಗೆ ಹಾಕಿದ ಟ್ಯೂಬು ಬೆಳಿಗ್ಗೆ ಬೆಂಗಳೂರು ಮುಟ್ಟಿ ಬಂದ ರಿಪೋರ್ಟನ್ನು ನಾನು ನಂಬುವುದಿಲ್ಲ. ಆದ್ದರಿಂದ ಹೆಂಗಸನ್ನೇ ಲ್ಯಾಬಿಗೆ ಕಳಿಸುತ್ತೇನೆ, ಹೆಪರಿನ್ ಶುರುಮಾಡುವುದಕ್ಕೆ ಮುಂಚೆ.

ಆಂಟಿಫಾಸ್ಫೋಲಿಪಿಡ್ ಕಾಯಿಲೆ ಖಚಿತವಾದರೆ ಆಸ್ಪಿರಿನ್ 75 ಮಿಲಿಗ್ರಾಂ, ಬಸಿರು ನಿಂತದ್ದು ತಿಳಿದೊಡನೆ ಹೆಪರಿನ್. 1997ರಲ್ಲಿ ಲಂಡನ್ನಿನಲ್ಲಿ 90 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಆಸ್ಪಿರಿನ್ ಒಂದರಿಂದಲೇ ಶೇ. 42, ಎರಡೂ ಸೇರಿದಾಗ ಶೇ. 71 ಮಂದಿಗೆ ಮಗು ದಕ್ಕಿತು. ಇಂಜೆಕ್ಷನ್ನಿಗೆ ದಿನಾ ಆಸ್ಪತ್ರೆಗೆ ಬಾ ಎಂದರೆ ಯಾರೂ ಬರಲಾರರು. ಮೊದಲ ಡೋಸು ನನ್ನೆದುರೇ ಅವಳ ಕೈಯಲ್ಲೇ ಕೊಡಿಸುತ್ತೇನೆ: ಹೊಕ್ಕುಳಿಂದ ಮೂರು ಬೆರಳು ಆಚೆ ಚರ್ಮ ಎತ್ತಿ ಹಿಡಿ, ಸಿರಿಂಜಿನ ಗುಳ್ಳೆ ತೆಗೆಯಬೇಡ, ನೆಟ್ಟಗೆ ಚುಚ್ಚು, ಆಮೇಲೆ ಉಜ್ಜಬೇಡ, ನಾಳೆ ಇನ್ನೊಂದು ಬದಿ. ಸೂಜಿ ಮಗುವಿಗೆ ತಾಗುತ್ತದೆಂಬ ಭಯ ಎಲ್ಲರಿಗೂ ಇದೆ. ಸೂಜಿ ಹೋಗುವುದು ಚರ್ಮದಡಿಯ ಕೊಬ್ಬಿನವರೆಗಷ್ಟೇ ಎಂದು ಅತ್ತೆಗೂ ತೋರಿಸುತ್ತೇನೆ. ಈ ಔಷಧಿ ಹಂದಿಯ ಕರುಳಿನಿಂದ ತಯಾರಾಗುವುದನ್ನೂ ಮುಚ್ಚಿಡುವುದಿಲ್ಲ. ಬೇಡ ಅನ್ನುವ ಹಕ್ಕು ಅವರದು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡವರೇ ಹೆಚ್ಚು.

ಇಷ್ಟೂ ಹೆಪ್ಪು ಹೆಚ್ಚಾದವರ ಮಾತು. ಹೆಪ್ಪು ನಿಲ್ಲದೆ ಮಗು ಕಳೆದುಕೊಳ್ಳುವವರೂ ಇದ್ದಾರೆ, ಅವರಿಗೆ ಹೆಪರಿನ್ ಕೊಟ್ಟರೆ ಅನಾಹುತ. ಅದಕ್ಕೆ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಕೇಳುತ್ತೇನೆ. ನಿಮ್ಮ ಅಪ್ಪ-ಅಮ್ಮ ಸಂಬಂಧಿಕರೇ? ನೀವು ಹುಟ್ಟಿದಾಗ ಹೊಕ್ಕುಳಬಳ್ಳಿ ಉದುರಿದ ಕಡೆ ರಕ್ತ ಜಿನುಗಿತ್ತಂತಾ? ಹಲ್ಲು ಕೀಳಿಸಿದ ದಿನ ನಿಂತ ರಕ್ತ ಮಾರನೇ ದಿನ ಮತ್ತೆ ಬಂತಾ? ಎರಡನೆಯದಕ್ಕೆ ಉತ್ತರ ತಾಯಿಗೋ ಸೂಲಗಿತ್ತಿಗೋ ಗೊತ್ತಿರುತ್ತದೆ, ಫೋನು ಮಾಡಿಸುತ್ತೇನೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ನಮ್ಮಲ್ಲಿ, ಬೇರೆಡೆ ಲಕ್ಷಾಂತರಕ್ಕೊಂದು ಸಿಗುವ ಫ್ಯಾಕ್ಟರ್ 13 ಕೊರತೆ ಒಂದೇ ಮನೆತನದಲ್ಲಿ ಪದೇಪದೇ ಕಾಣಿಸಬಹುದು.

ಈ ಕೊರತೆಯಲ್ಲಿ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಪಿಟಿ, ಎಪಿಟಿಟಿ ಎರಡೂ ನಾರ್ಮಲ್. ಫೈಬ್ರಿನ್ನಿನ ಮೊದಲ ಎಳೆ ಕಂಡೊಡನೆ ಆ ಪರೀಕ್ಷೆಗಳ ಗಡಿಯಾರ ನಿಲ್ಲುತ್ತದೆ, ಎಳೆಗಳನ್ನು ಒಂದಕ್ಕೊಂದು ಬೆಸೆಯುವ 13ರ ಕೆಲಸ ಶುರುವಾಗುವುದೇ ಆಮೇಲೆ. ಗಾರೆಯಿಲ್ಲದೆ ಪೇರಿಸಿದ ಇಟ್ಟಿಗೆ ಗೋಡೆಯಂತೆ ಹೆಪ್ಪು ನಿಲ್ಲುತ್ತದೆ, ಕುಸಿಯುತ್ತದೆ. ಮಾಸು ಅಂಟಿಕೊಳ್ಳುವ ಜಾಗದಲ್ಲಿ ಐದಾರನೇ ವಾರದಿಂದಲೇ ರಕ್ತ ಜಿನುಗಿ ಗರ್ಭ ಜಾರುತ್ತದೆ. ಇದರ ಪರೀಕ್ಷೆಯೋ ಬಹಳ ಸರಳ: ಹೆಪ್ಪನ್ನು 5 ಮೋಲಾರ್ ಯೂರಿಯಾ ದ್ರಾವಣದಲ್ಲಿಟ್ಟು 24 ಗಂಟೆ ಕಾಯುವುದು. ಕರಗಿಹೋದರೆ ತೀವ್ರ ಕೊರತೆ. ಮಧ್ಯಮ ಕೊರತೆಯನ್ನು ಇದು ಹಿಡಿಯುವುದಿಲ್ಲ. ಹಿಂದಿನ ಕೆಲ ವಾರಗಳಲ್ಲಿ ರಕ್ತ, ಪ್ಲಾಸ್ಮಾ ಏರಿಸಿದ್ದರೂ ದಾರಿ ತಪ್ಪಿಸುತ್ತದೆ.

ಚಿಕಿತ್ಸೆ ಮಾತ್ರ ಕೈಗೆಟುಕುವಂಥದು. ಜಿಲ್ಲಾ ಕೇಂದ್ರದ ರಕ್ತನಿಧಿಯಲ್ಲಿ ಪ್ಲಾಸ್ಮಾದಿಂದ ತೆಗೆದಿಡುವ ಕ್ರಯೋಪ್ರೆಸಿಪಿಟೇಟ್‌ನಲ್ಲಿ ಫ್ಯಾಕ್ಟರ್ 13 ಇದೆ, ಒಮ್ಮೆ ಕೊಟ್ಟರೆ ಅದು ಅರ್ಧಕ್ಕೆ ಇಳಿಯಲು 9ರಿಂದ 14 ದಿನ ಬೇಕು. ಹಾಗಾಗಿ ಮುಟ್ಟು ತಪ್ಪಿದ್ದು ಗೊತ್ತಾದೊಡನೆ ಬರಹೇಳುತ್ತೇನೆ. ರಕ್ತರೋಗ ತಜ್ಞರ ಜೊತೆ ಮಾತಾಡಿಕೊಂಡು ಎರಡು-ಮೂರು ವಾರಕ್ಕೊಮ್ಮೆ ಏರಿಸುವುದು, ಮಟ್ಟ ಶೇ. 10ಕ್ಕಿಂತ ಕೆಳಗಿಳಿಯದಂತೆ ನೋಡುವುದು, ಹೆರಿಗೆಗೆ ಮುಂಚೆ ಇನ್ನೊಂದು ಡೋಸು. ಗಂಡನೂ ನೆಂಟನೇ ಆಗಿದ್ದರೆ ಹೊಕ್ಕುಳಬಳ್ಳಿಯ ರಕ್ತವನ್ನೂ ಪರೀಕ್ಷೆಗೆ ಕಳಿಸುತ್ತೇನೆ. ಫಲಿತಾಂಶ ಬರುವತನಕ ಮಗುವಿಗೆ ಸಣ್ಣ ಸೂಜಿಯಲ್ಲೇ ಲಸಿಕೆ, ಚುಚ್ಚಿದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಬೇಕೆಂದು ನರ್ಸಿಗೆ ಬರೆದುಕೊಡುತ್ತೇನೆ.