ಅಶ್ಲೀಲ ವಿಡಿಯೋಗಳ ಬಗ್ಗೆ ಮನೆಯಲ್ಲಿ ಮಾತು ಶುರುವಾಗಬೇಕಾದರೆ ಜಾಗೃತಿ ಪ್ರಚಾರ ಹೇಗಿರಬೇಕು?

ಕರ್ನಾಟಕ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ 2012ರ ಫೆಬ್ರುವರಿಯಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಟಿವಿಯಲ್ಲಿ ಆ ಸುದ್ದಿ ಬಂದಾಗ ಮಕ್ಕಳೆದುರು ಎಷ್ಟೋ ಮನೆಗಳಲ್ಲಿ ಚಾನೆಲ್ ಬದಲಾಯಿತೇ ಹೊರತು ಮಾತು ಹುಟ್ಟಲಿಲ್ಲ. ಪ್ರಚಾರ ರೂಪಿಸುವವರು ಮೊದಲು ಗಮನಿಸಬೇಕಾದದ್ದು ಇದನ್ನೇ: ಛೀಮಾರಿಯ ಧಾಟಿಯಲ್ಲಿ ಆರಂಭಿಸಿದರೆ ಕೇಳುಗರು ನಗುತ್ತಾರೆ, ಇಲ್ಲವೇ ಎದ್ದುಹೋಗುತ್ತಾರೆ.

ನ್ಯೂಜಿಲೆಂಡ್ ಸರ್ಕಾರ 2020ರಲ್ಲಿ ಬೇರೆ ದಾರಿ ಹಿಡಿಯಿತು. ಅದರ ಜಾಹೀರಾತಿನಲ್ಲಿ ಇಬ್ಬರು ಪೋರ್ನ್ ನಟರು ಬೆತ್ತಲಾಗಿಯೇ ಒಂದು ಮನೆಯ ಬಾಗಿಲು ತಟ್ಟಿ, ನಿಮ್ಮ ಮಗ ನಮ್ಮನ್ನು ಆನ್‌ಲೈನಿನಲ್ಲಿ ನೋಡುತ್ತಿದ್ದಾನೆ, ನಮ್ಮ ವಿಡಿಯೋಗಳಲ್ಲಿ ಒಪ್ಪಿಗೆ ಕೇಳುವ ಮಾತೇ ಬರುವುದಿಲ್ಲ ಎಂದು ತಾಯಿಗೆ ತಿಳಿಸುತ್ತಾರೆ. ತಬ್ಬಿಬ್ಬಾದ ತಾಯಿ ಸಾವರಿಸಿಕೊಂಡು, ತೆರೆಯ ಮೇಲಿನದಕ್ಕೂ ನಿಜವಾದ ಸಂಬಂಧಕ್ಕೂ ಇರುವ ವ್ಯತ್ಯಾಸದ ಬಗ್ಗೆ ಮಾತಾಡೋಣ ಎಂದು ಮಗನಿಗೆ ಹೇಳುತ್ತಾಳೆ. ಅಲ್ಲಿನ ಸೆನ್ಸಾರ್ ಕಚೇರಿ 2018ರಲ್ಲಿ 14ರಿಂದ 17 ವರ್ಷದವರ ಸಮೀಕ್ಷೆ ನಡೆಸಿದ್ದರಿಂದ, ಪೋರ್ನ್ ನೋಡಿದ ಮಕ್ಕಳ ಪ್ರಮಾಣ ಸುಮಾರು ಮೂರನೇ ಎರಡರಷ್ಟು ಎಂಬುದು ಮೊದಲೇ ಗೊತ್ತಿತ್ತು. ನಮ್ಮಲ್ಲಿ ಆ ಬೆತ್ತಲೆ ತಮಾಷೆ ನಡೆಯದು, ನಡೆಯಬೇಕಾಗಿಯೂ ಇಲ್ಲ. ತೆಗೆದುಕೊಳ್ಳಬೇಕಾದದ್ದು ಆ ತಾಯಿಯ ಬಾಯಲ್ಲಿ ಬಂದ ಮೊದಲ ವಾಕ್ಯವನ್ನು.

ಆ ವಾಕ್ಯ ನಮ್ಮ ಅಡುಗೆಮನೆಯ ಕನ್ನಡದಲ್ಲಿರಲಿ. ಸಮುದಾಯ ರೇಡಿಯೋಗೆ ಒಂದು ನಿಮಿಷದ ತುಣುಕು ಬರೆಯುವುದಾದರೆ ತಾಯಿ ಹೀಗೆ ಹೇಳಬಹುದು: "ಫೋನಲ್ಲಿ ಅಂಥ ವಿಡಿಯೋ ನಿನ್ನ ಕಣ್ಣಿಗೂ ಬಿದ್ದಿರಬಹುದು ಕಣೋ. ಬೈಯೋದಿಲ್ಲ. ಅದರಲ್ಲಿರೋದು ನಟನೆ. ಏನಾದರೂ ಕೇಳಬೇಕು ಅನ್ನಿಸಿದರೆ ನನ್ನ ಹತ್ರಾನೇ ಕೇಳು." ಇದನ್ನು ಪ್ರಸಾರಕ್ಕೆ ಮೊದಲು ನಾಲ್ಕಾರು ತಾಯಂದಿರಿಂದ ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಪದಗಳನ್ನು ತೆಗೆದುಹಾಕಿ. ಅಪ್ಪಂದಿರಿಗೆ ಬೇರೆಯದೇ ತುಣುಕು ಬೇಕು. ಈ ಕೆಲಸವನ್ನು ಹೆಂಡತಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ಹೆಚ್ಚು.

ಪದಗಳ ಆಯ್ಕೆಯಲ್ಲಿ ಒಂದು ಕಡೆ ಮಾತ್ರ ರಾಜಿ ಬೇಡ. ಮಕ್ಕಳನ್ನು ಬಳಸಿದ ದೃಶ್ಯಗಳಿಗೆ 'ಚೈಲ್ಡ್ ಪೋರ್ನೋಗ್ರಫಿ' ಎಂಬ ಹೆಸರು ಸಲ್ಲದು, ಅದು ಮಕ್ಕಳ ಮೇಲಿನ ಲೈಂಗಿಕ ಶೋಷಣೆ ಎಂದೇ ಕರೆಯಬೇಕು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಅಂಥದ್ದನ್ನು ನೋಡುವುದೂ ಹಂಚುವುದೂ ಅಪರಾಧವೆಂದು ನೇರವಾಗಿ ತಿಳಿಸಿ. ಆದರೆ ಆ ಭಯವನ್ನು ಕುತೂಹಲಕ್ಕೆ ವಿಡಿಯೋ ನೋಡಿದ ಹುಡುಗನ ಮೇಲೆ ಹೇರಬೇಡಿ.

ತುಣುಕಿನ ಕೊನೆಗೆ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಎರಡನ್ನೂ ನಿಧಾನವಾಗಿ ಎರಡು ಸಲ ಓದಿಸಿ. ಚಟ ಬಿಡಲಾಗದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆ ಚಿಕಿತ್ಸೆ ಕೊಡುವ ಶಟ್ ಕ್ಲಿನಿಕ್ ಇದೆ. ಗ್ರಂಥಾಲಯದಲ್ಲೊಂದು ಹೆಸರು ಬರೆಯಬೇಕಿಲ್ಲದ ಪ್ರಶ್ನೆಪೆಟ್ಟಿಗೆ ಇಟ್ಟು, ಮುಂದಿನ ವಾರದ ತುಣುಕನ್ನು ಅದರಲ್ಲಿ ಬಿದ್ದ ಚೀಟಿಗಳಿಂದಲೇ ಆರಂಭಿಸಿ.