ಗೂಬೆಗೆ ಬೊಗಸೆ ಸಾಕು, ಕಾಗೆಗೆ ತಿಂಗಳು ಬೇಕು

ಗೂಬೆ ಕರೆಯುವುದನ್ನು ನನಗೆ ಕಲಿಸಿದ್ದು ಅಪ್ಪಯ್ಯ, ಗದ್ದೆ ಮಾಳದಲ್ಲಿ, ಅಂದರೆ ಬೆಳೆ ಕಾಯುವ ಅಟ್ಟಣಿಗೆಯಲ್ಲಿ ಕೂತು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ದೀಪಾವಳಿ ಕಳೆದು ಭತ್ತ ಹಣ್ಣಾಗುವ ಹೊತ್ತಿಗೆ ಹಂದಿ ಕಾಟ ಶುರುವಾಗುತ್ತದೆ. ರಾತ್ರಿಯಿಡೀ ಎದ್ದಿದ್ದು ಡಬ್ಬ ಬಡಿಯಬೇಕು. ನಿದ್ದೆ ತಡೆಯೋಕೆ ಅಪ್ಪಯ್ಯ ಎಲೆಯಡಿಕೆ ಹಾಕುತ್ತಿದ್ದರು, ಸಂಚಿ ಖಾಲಿಯಾದ ಮೇಲೆ ಕೈಯನ್ನು ಬೊಗಸೆ ಮಾಡಿ ಊದುತ್ತಿದ್ದರು. ಎರಡು ಸಲ ಊದಿ ಸುಮ್ಮನಾದರೆ ಗದ್ದೆಯಾಚೆ ಕಾನಿನಿಂದ ಉತ್ತರ ಬರುತ್ತಿತ್ತು. ನಾನು ಕಂಬಳಿಯೊಳಗೆ ಮುದುಡಿಕೊಳ್ಳುತ್ತಿದ್ದೆ. ಊಟ ಮಾಡದಿದ್ದರೆ ಗುಮ್ಮ ಬರುತ್ತದೆ ಅಂತ ಅಮ್ಮ ಹೆದರಿಸುತ್ತಿದ್ದರಲ್ಲ, ಆ ಗುಮ್ಮನನ್ನು ಈ ಮನುಷ್ಯ ಬೇಕಂತಲೇ ಕರೆಯುತ್ತಿದ್ದಾರೆ!

ಈಗ ನನ್ನ ಮಗಳು ಕಲಿಯುತ್ತಿದ್ದಾಳೆ. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಕೈ. ಎಡಗೈಯನ್ನು ನೀರು ಹಿಡಿಯುವ ಹಾಗೆ ಕುಳಿ ಮಾಡಿ. ಬಲಗೈಯನ್ನೂ ಕುಳಿ ಮಾಡಿ ಅದರ ಮೇಲೆ ಅಡ್ಡಕ್ಕೆ ಮುಚ್ಚಿ. ಒಂದು ಕೈಯ ಬೆರಳು ಇನ್ನೊಂದು ಕೈಯ ಬದಿಯನ್ನು ಸುತ್ತಿ ಹಿಡಿಯಬೇಕು, ಅಂಗೈಯ ಬುಡ ಒಂದಕ್ಕೊಂದು ಒತ್ತಿರಬೇಕು, ಆದರೆ ನಡುವೆ ಮಾತ್ರ ಅಂಗೈಗಳು ತಾಗಬಾರದು. ಒಳಗೆ ಒಂದು ಹಣ್ಣಡಿಕೆ ಉರುಳಾಡುವಷ್ಟು ಜಾಗ ಇದ್ದರೆ ಸರಿ. ಎರಡೂ ಹೆಬ್ಬೆರಳು ಅಕ್ಕಪಕ್ಕ ನಿಲ್ಲಿಸಿ, ಗೆಣ್ಣನ್ನು ಸ್ವಲ್ಪ ಮಡಚಿ. ಗೆಣ್ಣಿನ ಕೆಳಗೆ ಉದ್ದನೆಯ ಸಣ್ಣ ಸೀಳು ಕಾಣುತ್ತದೆ. ಗಾಳಿ ಹೋಗುವುದಕ್ಕೆ ಬರುವುದಕ್ಕೆ ಅದೊಂದೇ ಬಾಗಿಲು. ಬೇರೆ ಎಲ್ಲೂ ಸೋರಬಾರದು. ಸೋರುತ್ತಿದೆಯೋ ಇಲ್ಲವೋ ನೋಡೋಕೆ ಅಪ್ಪಯ್ಯ ನನ್ನ ಬೊಗಸೆಗೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದರು. ನೀರು ಎಲ್ಲಿ ತೊಟ್ಟಿಕ್ಕುತ್ತದೋ ಗಾಳಿಯೂ ಅಲ್ಲೇ ಹೋಗುತ್ತದೆ, ಆ ಬೆರಳನ್ನು ಬಿಗಿ ಮಾಡು ಅಂತ.

ಇನ್ನು ಊದುವುದು. ಗೆಣ್ಣಿನ ಮೇಲೆ ತುಟಿ ಇಡಿ. ಸೀಳಿನ ಮೇಲರ್ಧ ತುಟಿಯೊಳಗೆ, ಕೆಳಗರ್ಧ ಹೊರಗೆ ತೆರೆದೇ ಇರಬೇಕು. ಎಲ್ಲರೂ ಇಲ್ಲೇ ತಪ್ಪುವುದು. ಪೂರ್ತಿ ಬಾಯಿ ಮುಚ್ಚಿ ಊದಿದರೆ ಕೆನ್ನೆ ಉಬ್ಬುತ್ತದೆಯೇ ಹೊರತು ದನಿ ಬರುವುದಿಲ್ಲ. ಖಾಲಿ ಸೋಡಾ ಬಾಟಲಿಯ ಬಾಯಿಗೆ ಓರೆಯಾಗಿ ಊದಿದರೆ ಬೊಂ ಅನ್ನುತ್ತದಲ್ಲ, ಅದೇ ಲೆಕ್ಕ. ಜೋರು ಬೇಡ. ನಾನು ಮುಖ ಕೆಂಪು ಮಾಡಿಕೊಂಡು ಊದುತ್ತಿದ್ದಾಗ ಅಪ್ಪಯ್ಯ, "ಏಯ್, ಒಲೆ ಊದಿದ ಹಾಗೆ ಊದಬೇಡ ಮಾರಾಯ, ಸುಮ್ನೆ ಉಸಿರು ಬಿಡು" ಅನ್ನುತ್ತಿದ್ದರು. ಮೂರನೇ ರಾತ್ರಿ ಬಂತು ನನಗೆ. ಅಲ್ಲಿವರೆಗೂ ಬರೀ ಪುಸ್ ಪುಸ್.

ಚಳಿಗಾಲದಲ್ಲಿ ಕೈ ಒಣಗಿ ಒಡೆದಿರುತ್ತದೆ, ಆಗ ಸಂದು ಕೂಡುವುದಿಲ್ಲ. ಅಪ್ಪಯ್ಯ ಗದ್ದೆ ಬದುವಿನ ಹುಲ್ಲಿನ ಮೇಲೆ ಒಮ್ಮೆ ಅಂಗೈ ಎಳೆಯುತ್ತಿದ್ದರು. ಇಬ್ಬನಿಯಷ್ಟು ಒದ್ದೆ ಸಾಕು.

ದನಿ ಬಂದ ಮೇಲೆ ಅದನ್ನು ಬಗ್ಗಿಸುವುದು ಸುಲಭ. ಹೊರಗಿನ ಕೈಯ ಬೆರಳನ್ನು ಸ್ವಲ್ಪ ಎತ್ತಿದರೆ ದನಿ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಬೆರಳನ್ನು ಬೇಗ ಬೇಗ ಆಡಿಸಿದರೆ ದನಿ ನಡುಗುತ್ತದೆ. ಕೈಯ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ನನ್ನ ಕೈಯಲ್ಲಿ ಹೊರಡುವುದು ದಪ್ಪ ದನಿ. ಕಾನಿನ ದೊಡ್ಡ ಮರಗಳಲ್ಲಿರುವ ಕಂದು ಕಾಡುಗೂಬೆಯ ಹೂ... ಹೂಹೂಹೂ ಅನ್ನುವುದಕ್ಕೆ ಅದು ಹತ್ತಿರ. ಮಗಳ ಪುಟ್ಟ ಬೊಗಸೆಯಲ್ಲಿ ಬರುವುದು ತೆಳ್ಳಗಿನ ದನಿ, ಪಕ್ಷಿ ನೋಡುವವರು ಬ್ರೌನ್ ಬೂಬುಕ್ ಅನ್ನುವ ಗೂಬೆಗೆ ಸರಿಯಾಗಿ ಹೊಂದುತ್ತದೆ. ಅದರ ಕೂಗು ಊ-ಉಕ್, ಊ-ಉಕ್ ಅಂತ, ಒಂದೇ ತಾಳದಲ್ಲಿ ಹತ್ತಿಪ್ಪತ್ತು ಸಲ. ಕಲಿಯುವವರಿಗೆ ಇದೇ ಸುಲಭ. ಹಳ್ಳದ ಬದಿಯಲ್ಲಿ ಬೂಂ ಅನ್ನುವ ಮೀನುಗೂಬೆಯ ದನಿ ನನಗಿನ್ನೂ ಸರಿಯಾಗಿ ಕೂತಿಲ್ಲ. ಹಾಲಕ್ಕಿ ಅನ್ನುವ ಪುಟ್ಟ ಗೂಬೆಯ ಚಿರ್‌ಚಿರ್ ಜಗಳವಂತೂ ಈ ಬೊಗಸೆಯಲ್ಲಿ ಆಗುವ ಕೆಲಸವಲ್ಲ.

ಹೊತ್ತು, ಜಾಗ ಎರಡೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಕಪ್ಪೆ ಗಲಾಟೆ, ಮರದ ಹನಿ, ಗಾಳಿ. ನಿಮ್ಮ ಕೂಗು ನಿಮಗೇ ಕೇಳುವುದಿಲ್ಲ. ನಾನು ಕರೆಯುವುದು ದೀಪಾವಳಿಯಿಂದ ಸಂಕ್ರಾಂತಿವರೆಗೆ ಮಾತ್ರ. ಆಮೇಲೆ ಹಲವು ಜಾತಿಯ ಗೂಬೆಗಳು ಮೊಟ್ಟೆಯಿಡುವ ಕಾಲ, ಆಗ ಗೂಡಿನಿಂದ ಎಬ್ಬಿಸುವುದು ತಪ್ಪು. ಕತ್ತಲಾಗಿ ಒಂದು ಗಂಟೆಯೊಳಗೆ, ಇಲ್ಲವೇ ಬೆಳಗಿನ ಜಾವ, ಗಾಳಿ ಇಲ್ಲದ ರಾತ್ರಿ ನೋಡಿಕೊಳ್ಳಿ. ಬೆಳದಿಂಗಳಿದ್ದರೆ ಇನ್ನೂ ಒಳ್ಳೆಯದು, ಬಂದ ಹಕ್ಕಿ ಕಾಣುತ್ತದೆ. ತೋಟ ಮುಗಿದು ಕಾನು ಶುರುವಾಗುವ ಅಂಚು ಎಲ್ಲಕ್ಕಿಂತ ಒಳ್ಳೆ ಜಾಗ. ಮರಕ್ಕೆ ಬೆನ್ನು ಕೊಟ್ಟು ನಿಲ್ಲಿ. ಶೆಟ್ಟಿಹಳ್ಳಿ, ಭದ್ರಾ ತರಹದ ಅಭಯಾರಣ್ಯದೊಳಗೆ ಈ ಆಟ ಬೇಡ. ಅನುಮತಿ ಇಲ್ಲದೆ ಒಳಗೆ ಕಾಲಿಡುವುದೇ ಅಪರಾಧ, ಅದೂ ರಾತ್ರಿ ಹೊತ್ತು ಆನೆ ಎದುರಾದರೆ ಗೂಬೆ ಯಾರಿಗೆ ಬೇಕು.

ಎರಡು ಅಥವಾ ಮೂರು ಸಲ ಕೂಗಿ. ನಿಲ್ಲಿಸಿ. ಐದು ನಿಮಿಷ ಬಾಯಿ ಬಿಡಬೇಡಿ. ಈ ಐದು ನಿಮಿಷ ಕಾಯೋಕೆ ಆಗದೆ ಮತ್ತೆ ಮತ್ತೆ ಊದುವವರಿಗೆ ಗೂಬೆ ಸಿಗುವುದಿಲ್ಲ. ಅದು ಆಗಲೇ ಬಂದಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ ಅಷ್ಟೇ. ಹೆಚ್ಚಿನ ಗೂಬೆಗಳ ರೆಕ್ಕೆಯ ಮುಂದಿನ ಗರಿಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿರುತ್ತದೆ, ಅದರಿಂದ ಹಾರುವಾಗ ಸದ್ದೇ ಇರುವುದಿಲ್ಲ. ಮುಖವಂತೂ ಮೊರ ಇದ್ದ ಹಾಗೆ, ಸದ್ದನ್ನೆಲ್ಲ ಒಟ್ಟುಮಾಡಿ ಕಿವಿಗೆ ತಳ್ಳುತ್ತದೆ. ಕಣಜಗೂಬೆಗೆ ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಕತ್ತಲಲ್ಲಿ ಇಲಿ ಎಲ್ಲಿ ಓಡಿತು ಅಂತ ಸದ್ದಿನಲ್ಲೇ ಅಂದಾಜು ಸಿಗುವುದು ಹಾಗೆ. ನೀವು ಯಾವ ಮರದ ಬುಡದಲ್ಲಿ ನಿಂತಿದ್ದೀರಿ ಅಂತ ತಿಳಿಯುವುದು ಗೂಬೆಗೆ ದೊಡ್ಡ ವಿಷಯವಲ್ಲ.

ಒಂದು ರಾತ್ರಿ ಹೀಗೇ ಆಯಿತು. ಅಪ್ಪಯ್ಯ ಊದಿ ಕೈ ಇಳಿಸಿದ್ದರು. ನಾನು ಕಾನಿನ ಕಡೆಯೇ ನೋಡುತ್ತಿದ್ದೆ. ಅವರು ನನ್ನ ಗಲ್ಲ ಹಿಡಿದು ಮೆಲ್ಲಗೆ ಮೇಲಕ್ಕೆ ತಿರುಗಿಸಿದರು. ಮಾಳದ ಗಳುವಿನ ತುದಿಯಲ್ಲಿ, ನಮ್ಮಿಂದ ನಾಲ್ಕು ಮೊಳ ದೂರದಲ್ಲಿ, ಕೂತಿತ್ತು. ಮೈ ಗದ್ದೆ ಕಡೆಗೆ, ಮುಖ ಮಾತ್ರ ಪೂರ್ತಿ ಹಿಂದಕ್ಕೆ ತಿರುಗಿ ನಮ್ಮ ಕಡೆಗೆ. ಗೂಬೆಗೆ ಕಣ್ಣುಗುಡ್ಡೆ ಆಡಿಸೋಕೆ ಬರುವುದಿಲ್ಲ, ಅದಕ್ಕೇ ಕುತ್ತಿಗೆಯನ್ನು 270 ಡಿಗ್ರಿವರೆಗೂ ತಿರುಗಿಸುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಆಗ ಮಾತ್ರ ಚಡ್ಡಿ ಒದ್ದೆಯಾಗದಿದ್ದದ್ದೇ ಪುಣ್ಯ.

ಗೂಬೆ ನಿಮ್ಮ ಜೊತೆ ಮಾತಾಡುತ್ತಿದೆ ಅಂತ ಮಾತ್ರ ಖುಷಿಪಡಬೇಡಿ. ಅದು ಬೈಯುತ್ತಿದೆ. ನನ್ನ ಜಾಗಕ್ಕೆ ಬಂದ ನೀನ್ಯಾರು ಅಂತ ಕೇಳುತ್ತಿದೆ. ಬೇಲಿ ಸರಿಸಿದ ಪಕ್ಕದ ತೋಟದವರ ಹತ್ತಿರ ನಾವು ಮಾತಾಡುವ ದನಿಯೇ ಅದು. ದಿನಾ ಹೋಗಿ ಕೆಣಕಿದರೆ ಬೇಟೆ ಬಿಟ್ಟು ಕಾವಲು ಕಾಯುತ್ತಾ ಕೂರುತ್ತದೆ. ಒಂದು ವರ್ಷ ನಾನು ಮೊಬೈಲಿನ ಕೂಗನ್ನು ಸ್ಪೀಕರಿಗೆ ಹಾಕಿ ನೋಡಿದೆ. ಗೂಬೆ ಬಂತು, ತಲೆಯ ಮೇಲೆ ನಾಲ್ಕು ಸುತ್ತು ಹಾಕಿತು, ಆಮೇಲೆ ಒಂದು ವಾರ ಆ ಕಡೆ ಕೂಗೇ ಇಲ್ಲ. ಅವತ್ತಿಂದ ಸ್ಪೀಕರ್ ಬಿಟ್ಟೆ. ಬೊಗಸೆ ಊದಿದರೆ ಉಸಿರು ಬೇಗ ಸೋಲುತ್ತದೆ, ಅದೇ ಒಳ್ಳೆಯದು. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಕಟ್ಟಿಕೊಳ್ಳಿ, ಕಣ್ಣಿಗೆ ಹಾಯಿಸಬೇಡಿ. ಯಾವ ಮರದಲ್ಲಿ ಗೂಬೆ ಇದೆ ಅಂತ ಕಂಡಕಂಡವರಿಗೆ ಹೇಳಲೂ ಬೇಡಿ. ಮಾಟ ಮಂತ್ರದ ಹೆಸರಲ್ಲಿ ದೀಪಾವಳಿ ಹೊತ್ತಿಗೆ ಗೂಬೆ ಹುಡುಕುವ ಜನ ಇನ್ನೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆ ಹಿಡಿಯುವುದು, ಸಾಕುವುದು ಎರಡೂ ಅಪರಾಧ.

ಕಾಗೆಯ ವಿಷಯ ಬೇರೆ. ಗೂಬೆಯನ್ನು ಒಂದೇ ರಾತ್ರಿಯಲ್ಲಿ ಮರುಳು ಮಾಡಬಹುದು, ಕಾಗೆಯನ್ನು ಆಗುವುದಿಲ್ಲ. ಅದಕ್ಕೆ ನಿಮ್ಮ ಕೂಗಿಗಿಂತ ನಿಮ್ಮ ಮುಖ ಮುಖ್ಯ. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್ಲಫ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಗುಹಾಮಾನವನ ಮುಖವಾಡ ಹಾಕಿಕೊಂಡು ಏಳು ಕಾಗೆ ಹಿಡಿದು ಬಿಟ್ಟರು. ಆಮೇಲೆ ವರ್ಷಗಟ್ಟಲೆ ಆ ಮುಖವಾಡ ಕಂಡರೆ ಸಾಕು, ಕಾಗೆಗಳು ಮುತ್ತಿಕೊಂಡು ಕೂಗುತ್ತಿದ್ದವು, ಅವತ್ತು ಸಿಕ್ಕಿಬೀಳದಿದ್ದ ಕಾಗೆಗಳೂ ಸೇರಿ. ನಮ್ಮ ಕಾಗೆಗಳ ಜಾತಿ ಬೇರೆ ಇರಬಹುದು, ಬುದ್ಧಿಯೇನೂ ಕಡಿಮೆ ಇಲ್ಲ.

ನಾನೀಗ ಇರುವುದು ಶಿವಮೊಗ್ಗದಲ್ಲಿ, ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ದೂರ. ಇಲ್ಲಿ ಬೂದು ಕುತ್ತಿಗೆಯ ಊರುಕಾಗೆ ಜಾಸ್ತಿ. ಊರಿನ ಮನೆಯಲ್ಲಿ ಮೈಯೆಲ್ಲ ಕಪ್ಪಗಿನ, ದಪ್ಪ ಕೊಕ್ಕಿನ ಕಾಡುಕಾಗೆ. ಎರಡಕ್ಕೂ ವಿದ್ಯೆ ಒಂದೇ. ದಿನಾ ಒಂದೇ ಹೊತ್ತು, ಒಂದೇ ಜಾಗ, ಒಂದೇ ಕೂಗು. ನಾನು ಬೆಳಗ್ಗೆ ಏಳಕ್ಕೆ ತಾರಸಿಯ ಮೂಲೆಯಲ್ಲಿ ದೋಸೆ ಚೂರು, ಅನ್ನ ಇಟ್ಟು ಮೂರು ಸಲ ಕಾ... ಕಾ ಅನ್ನುತ್ತೇನೆ. ಗಂಟಲಿನ ಹಿಂದಿನಿಂದ, ಒರಟಾಗಿ, ಎಳೆದು. ಚೆನ್ನಾಗಿ ಅನುಕರಣೆ ಮಾಡಬೇಕು ಅಂತೇನಿಲ್ಲ, ಗುರುತು ಸಿಕ್ಕರೆ ಸಾಕು. ಕೂಗಿ ಹಿಂದೆ ಸರಿಯಿರಿ, ದಿಟ್ಟಿಸಿ ನೋಡಬೇಡಿ. ಇಡುವಾಗ ಬಗ್ಗಬೇಡಿ, ಇದು ಮುಖ್ಯ. ನಮ್ಮ ಜನ ಬಗ್ಗಿದರು ಅಂದರೆ ಕಲ್ಲು ಎತ್ತಿಕೊಳ್ಳುತ್ತಿದ್ದಾರೆ ಅಂತಲೇ ಕಾಗೆ ತಿಳಿದುಕೊಂಡಿದೆ, ಹಾರಿಹೋಗುತ್ತದೆ. ಅದಕ್ಕೇ ನಾನು ಎದೆಮಟ್ಟದ ಗೋಡೆಯ ಮೇಲೆ ಇಡುತ್ತೇನೆ. ಮೊದಲ ವಾರ ಬರೀ ಅಳಿಲು ತಿಂದಿತು. ಎರಡನೇ ವಾರ ಒಂದು ಕಾಗೆ ದೂರದ ನೀರಿನ ಟ್ಯಾಂಕಿನಿಂದ ನೋಡಿಕೊಂಡು ಹೋಯಿತು. ತಿಂಗಳು ತುಂಬುವಾಗ ನಾನು ಬಾಗಿಲು ತೆಗೆಯುವ ಮೊದಲೇ ಅಲ್ಲಿ ಕೂತಿರುತ್ತಿತ್ತು, ಕರೆಯುತ್ತಿದ್ದುದು ಯಾರು ಯಾರನ್ನು ಅಂತ ಅನುಮಾನ ಬರುವ ಹಾಗೆ. ಒಣ ಚಪಾತಿ ಕೊಟ್ಟರೆ ಬಕೆಟ್ಟಿನ ನೀರಿನಲ್ಲಿ ಅದ್ದಿ ತಿನ್ನುತ್ತದೆ. ಹೆಚ್ಚಾದದ್ದನ್ನು ಪಕ್ಕದ ಮನೆ ಹಂಚಿನ ಸಂದಿಗೆ ತುರುಕಿ ಬರುತ್ತದೆ, ಅದರ ಬಗ್ಗೆ ಅವರಿಗೆ ನಾನೇನೂ ಹೇಳಿಲ್ಲ.

ತಾಳ್ಮೆ ಇಲ್ಲದವರಿಗೆ ಒಂದು ಅಡ್ಡದಾರಿ ಇದೆ. ಹಗಲು ಹೊತ್ತು ಗೂಬೆ ಕೂಗು ಊದುವುದು. ರಾತ್ರಿ ಗೂಬೆ ಕಾಗೆಯ ಗೂಡಿಗೆ ಕೈ ಹಾಕುತ್ತದೆ, ಹಗಲು ಸಿಕ್ಕಿದ ಗೂಬೆಯನ್ನು ಕಾಗೆಗಳು ಗುಂಪು ಕಟ್ಟಿಕೊಂಡು ಓಡಿಸುತ್ತವೆ. ಅಜ್ಜಿ ಹೇಳುತ್ತಿದ್ದ ಕಾಗೆ ಗೂಬೆ ಜಗಳದ ಕಥೆ ಸುಮ್ನೆ ಹುಟ್ಟಿದ್ದಲ್ಲ. ಎಲೆಮರೆಯಲ್ಲಿ ನಿಂತು ಎರಡು ಸಲ ಊದಿದರೆ ಕಾಗೆ ಮಾತ್ರ ಅಲ್ಲ, ಕಾಜಾಣ, ಪಿಕಳಾರ ಎಲ್ಲ ಬಂದು ಗಲಾಟೆ ಮಾಡುತ್ತವೆ. ವರ್ಷಕ್ಕೊಂದು ಸಲ ಸಾಕು, ಮಕ್ಕಳಿಗೆ ತೋರಿಸೋಕೆ.

ನಾನು ಇದನ್ನು ತಪ್ಪು ಹೊತ್ತಲ್ಲಿ ಮಾಡಿದ್ದೂ ಇದೆ. ಅಪ್ಪಯ್ಯನ ವರ್ಷಾಂತದ ದಿನ. ಹಿತ್ತಿಲ ಕಲ್ಲಿನ ಮೇಲೆ ಬಾಳೆಲೆಯಲ್ಲಿ ಎಡೆ ಇಟ್ಟಾಗಿತ್ತು. ಅಂಗಳದ ತುಂಬ ಕಾರು, ಮೂವತ್ತು ಜನ ನೆಂಟರು ಸಾಲಾಗಿ ನಿಂತು ಕಾ ಕಾ ಅಂತಿದ್ದಾರೆ, ಕಾಗೆ ಸುಳಿವಿಲ್ಲ. ಅಷ್ಟು ಹೊಸ ಮುಖ ನಿಂತಿದ್ದರೆ ಅದು ಯಾಕೆ ಬಂದೀತು? ಅತ್ತೆ ಕಣ್ಣೊರೆಸಿಕೊಂಡು, "ಅಣ್ಣಯ್ಯಂಗೆ ಎಂತದೋ ಆಸೆ ಉಳ್ದಿದೆ" ಅಂದರು. ಕೆಳಗಿನ ತೋಟ ಮಾರೋದಿಲ್ಲ ಅಂತ ಹೇಳೋ ಅಂತ ಒಬ್ಬರು, ಕೊಟ್ಟಿಗೆ ಮಾಡು ರಿಪೇರಿ ಮಾಡಿಸ್ತೀನಿ ಅನ್ನು ಅಂತ ಇನ್ನೊಬ್ಬರು. ನಾನು ಎರಡೂ ಹೇಳಿದೆ. ಕಾಗೆ ಬರಲಿಲ್ಲ. ಭಟ್ಟರು ವಾಚು ನೋಡಿಕೊಂಡರು.

ಮೆಲ್ಲಗೆ ಕೊಟ್ಟಿಗೆ ಹಿಂದೆ ಹೋಗಿ ಎರಡು ಸಲ ಊದಿದೆ. ಸ್ವಲ್ಪ ಹೊತ್ತಿಗೆ ಹದಿನೈದು ಇಪ್ಪತ್ತು ಕಾಗೆ ಬಂದು ಹಲಸಿನ ಮರ ತುಂಬಿಕೊಂಡವು. ಆದರೆ ಒಂದೂ ಕೆಳಗಿಳಿಯಲಿಲ್ಲ. ಎಲ್ಲವೂ ಗೂಬೆ ಎಲ್ಲಿ ಅಂತ ಎಲೆ ಸಂದಿಯಲ್ಲಿ ಇಣುಕುತ್ತಾ ಕಿರುಚಿದ್ದೇ ಕಿರುಚಿದ್ದು. ಭಟ್ಟರ ಮಂತ್ರವೂ ಕೇಳುತ್ತಿರಲಿಲ್ಲ. ಅತ್ತೆ ತಿರುಗಿ ನನ್ನ ಒದ್ದೆ ಕೈ ನೋಡಿದರು. ಅಣ್ಣಯ್ಯ ಈ ಕೈ ಊದುವುದನ್ನು ಅವರು ಚಿಕ್ಕಂದಿನಿಂದ ಕಂಡವರು. ಸೆರಗು ಬಾಯಿಗೆ ಒತ್ತಿಕೊಂಡು, "ಎಲ್ಲರೂ ಒಳಗೆ ನಡೀರಿ" ಅಂತ ಜಗಲಿಗೆ ಅಟ್ಟಿದರು.

ಗಲಾಟೆ ಇಳಿಯಿತು. ಕಾಗೆಗಳು ಒಂದೊಂದೇ ಹಾರಿ ಹೋದವು. ಉಳಿದದ್ದು ಒಂದೇ. ಅದು ಕಲ್ಲಿನ ಮೇಲೆ ಇಳಿದು, ಬಾಳೆಲೆ ಸುತ್ತ ಒಂದು ಸುತ್ತು ಕುಪ್ಪಳಿಸಿ, ಪಿಂಡದ ಕಡೆ ನೋಡಿತು, ಬಿಟ್ಟಿತು. ಉದ್ದಿನ ವಡೆ ಎತ್ತಿಕೊಂಡು ತೋಟದ ಕಡೆ ಹೋಯಿತು.

ಅತ್ತೆ ಕಿಟಕಿಯಿಂದ ನೋಡುತ್ತಿದ್ದವರು, "ವಡೆನಾ! ಹಂಗಾರೆ ಅಣ್ಣಯ್ಯನೇ" ಅಂದರು.