ಡಾಂಬರಿನ ಅಂಚಿನಿಂದ ಈಚೆಗೆ ನಮ್ಮದು

ನಾಲ್ಕನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು ಎರಡೇ ಮಾತು ಹೇಳಿದಳು. "ಲಾರಿ ಬಂದ್ರೆ ನಾವು ಚರಂಡಿಗೆ ಇಳೀತೀವಿ ಮೇಡಂ. ಮಳೆ ಬಂದ್ರೆ ಇಳಿಯೋಕೂ ಆಗಲ್ಲ."

ಅದು 2022ರ ಡಿಸೆಂಬರ್. ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆ. ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು ಎಂದು 2006ರಿಂದಲೇ ಸರ್ಕಾರದ ಆದೇಶವಿದೆ. ಕೆಲವು ಕಡೆ ಬಿಸ್ಕತ್ತು ಹಂಚಿ, ಫೋಟೋ ತೆಗೆದು ಮುಗಿಸಿಬಿಡುತ್ತಾರೆ. ಹಾಗೆ ಮಾಡಬಾರದು. ಮಕ್ಕಳು ಅಲ್ಲಿ ಸುಮ್ನೆ ಏನೋ ಹೇಳುವುದಿಲ್ಲ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದು ನಾನು ಸದಸ್ಯೆಯಾಗಿ ಎರಡು ವರ್ಷವಾಗಿತ್ತು. ಶಾಲೆ ಮುಂದಿನ ಆ ರಸ್ತೆಯಲ್ಲಿ ದಿನಾ ಓಡಾಡುತ್ತಿದ್ದೆ. ಆದರೂ ಮಕ್ಕಳು ಚರಂಡಿಗೆ ಇಳಿಯುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೇ ಶಾಲೆ ಗೇಟಿನ ಎದುರು ಹೋಗಿ ನಿಂತೆ. ನಮ್ಮದು ತುಮಕೂರು ಜಿಲ್ಲೆ. ತೆಂಗಿನಕಾಯಿ ಲಾರಿಗಳು ಬೆಳಗ್ಗೆಯೇ ಹೊರಡುತ್ತವೆ. ಡಾಂಬರು ಮುಗಿದ ಕಡೆ ಒಂದು ಮೊಳದಷ್ಟು ಜಲ್ಲಿ, ಅದರ ಆಚೆ ಬಾಯಿ ತೆರೆದ ಚರಂಡಿ, ಅದಕ್ಕೆ ಅಂಟಿಕೊಂಡಂತೆ ಶಾಲೆ ಕಾಂಪೌಂಡ್. ಆ ಮೊಳದಷ್ಟು ಜಾಗದಲ್ಲೂ ಟೀ ಅಂಗಡಿಗೆ ಬಂದವರ ಬೈಕುಗಳು. ಹಾಗಾಗಿ ಮಕ್ಕಳು ಡಾಂಬರಿನ ಮೇಲೇ ನಡೆಯುತ್ತಿದ್ದರು. ಒಂದನೇ ಕ್ಲಾಸಿನ ಹುಡುಗನೊಬ್ಬ ಅಕ್ಕನ ಬ್ಯಾಗಿನ ಪಟ್ಟಿ ಹಿಡಿದುಕೊಂಡು ಬರುತ್ತಿದ್ದ. ಹಿಂದಿನಿಂದ ಹಾರನ್ ಕೇಳಿಸಿತು. ಅಕ್ಕ ತಿರುಗಿ ಕೂಡ ನೋಡಲಿಲ್ಲ. ತಮ್ಮನನ್ನು ಎಳೆದುಕೊಂಡು ಚರಂಡಿಯ ಕಲ್ಲಿನ ಮೇಲೆ ಕಾಲಿಟ್ಟಳು. ಅಷ್ಟು ರೂಢಿಯಾಗಿಬಿಟ್ಟಿತ್ತು ಅವಳಿಗೆ.

ಅಲ್ಲಿಂದ ನೇರ ಪಂಚಾಯಿತಿಗೆ ಹೋದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳಿದ್ದು ಒಂದೇ ಮಾತು: "ಮೇಡಂ, ಆ ರಸ್ತೆ ಪಿಡಬ್ಲ್ಯೂಡಿದು. ನಾವು ಅಲ್ಲಿ ದುಡ್ಡು ಹಾಕೋಕೆ ಬರಲ್ಲ." ಅವರ ಮಾತು ತಪ್ಪಲ್ಲ. ಅದು ಜಿಲ್ಲಾ ಮುಖ್ಯ ರಸ್ತೆ, ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ನಮ್ಮ ಪಂಚಾಯಿತಿಗಳಲ್ಲಿ ಇಂಥ ಎಷ್ಟೋ ಕೆಲಸ ಈ ಒಂದು ಮಾತಿಗೇ ನಿಂತುಹೋಗುತ್ತವೆ. ನಾನೂ ಒಂದು ವಾರ ಸುಮ್ಮನಿದ್ದೆ. ಆಮೇಲೆ ಒಂದು ಪ್ರಶ್ನೆ ಹೊಳೆಯಿತು. ರಸ್ತೆ ಅವರದು, ಸರಿ. ಚರಂಡಿ ಯಾರದು? ಶಾಲೆ ಗೇಟು ಯಾರದು? ಪಕ್ಕದ ಓಣಿ ಯಾರದು?

ಜೂನಿಯರ್ ಎಂಜಿನಿಯರನ್ನು ಕರೆದುಕೊಂಡು ಹೋಗಿ ಟೇಪ್ ಹಿಡಿಸಿದೆ. ಚರಂಡಿ ಹಿಂದೆ ಪಂಚಾಯಿತಿಯೇ ಕಟ್ಟಿಸಿದ್ದು ಎಂದು ಹಳೇ ಕಡತದಲ್ಲಿ ಸಿಕ್ಕಿತು. ಅಲ್ಲಿಗೆ ಕೆಲಸ ಎರಡು ಭಾಗವಾಯಿತು. ಡಾಂಬರಿನ ಮೇಲಿನದು, ಅಂದರೆ ಹಂಪ್, ಜೀಬ್ರಾ ಪಟ್ಟೆ, ಬೋರ್ಡು, ಇಲಾಖೆಗೆ. ಡಾಂಬರಿನ ಅಂಚಿನಿಂದ ಈಚೆಗೆ ನಮಗೆ. ಹೀಗೆ ಭಾಗ ಮಾಡಿಕೊಂಡ ಮೇಲೆ ದುಡ್ಡಿನ ದಾರಿ ತಾನಾಗಿ ಕಂಡಿತು.

ಆಗ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40 ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು. ಸಂಬಳ ಮತ್ತು ಕಚೇರಿ ಖರ್ಚಿಗೆ ಮಾತ್ರ ಮುಟ್ಟುವಂತಿರಲಿಲ್ಲ. ಆ 40ರಲ್ಲಿ ನಮಗೆ ಜಾಗ ಬೇಕಿತ್ತು. ಯೋಚನೆ ಇಷ್ಟೇ: ಕುಸಿದ ಚರಂಡಿ ಗೋಡೆ ಸರಿಮಾಡಿ, ಮೇಲೆ ಕಾಂಕ್ರೀಟ್ ಚಪ್ಪಡಿ ಮುಚ್ಚುವುದು. ಚಪ್ಪಡಿಯೇ ಮಕ್ಕಳ ಕಾಲುದಾರಿ. ಪಾದಚಾರಿಗಳ ದಾರಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿರುವ ಐಆರ್‌ಸಿ 103 ಎಂಬ ಮಾನದಂಡ ಕನಿಷ್ಠ 1.8 ಮೀಟರ್ ಅಗಲ ಕೇಳುತ್ತದೆ. ನಮಗೆ ಅಷ್ಟು ಸಿಗಲಿಲ್ಲ. ಜಲ್ಲಿ ಇದ್ದ ಜಾಗಕ್ಕೂ ಇಂಟರ್‌ಲಾಕ್ ಹಾಕಿದರೆ ಇಬ್ಬರು ಮಕ್ಕಳು ಪಕ್ಕಪಕ್ಕ ನಡೆಯುವಷ್ಟಾಯಿತು. ಆದರೆ ಆ ಜಲ್ಲಿ ಜಾಗ ಇಲಾಖೆಯದು. ಅದಕ್ಕೆ ಒಪ್ಪಿಗೆ ಪತ್ರ ಬೇಕಾಯಿತು. ಖರ್ಚು ನಮ್ಮದೇ ಎಂದು ಬರೆದುಕೊಟ್ಟ ಮೇಲೆ ಅದು ಬೇಗ ಬಂತು.

ವಾರ್ಡ್ ಸಭೆಯಲ್ಲಿ ಸುಲಭವಾಗಲಿಲ್ಲ. ಕೆಲವರು ಹೈಮಾಸ್ಟ್ ದೀಪ ಬೇಕೆಂದರು. ಇನ್ನು ಕೆಲವರು ಅವರ ಬೀದಿಗೆ ಸಿಸಿ ರಸ್ತೆ ಕೇಳಿದರು. ಅವರ ಬೀದಿಯಲ್ಲೂ ಕೆಸರಿದೆ, ಸುಳ್ಳಲ್ಲ. ನಾನು ಭಾಷಣ ಮಾಡಲಿಲ್ಲ. ಮೂರು ದಿನ ಗೇಟಿನ ಹತ್ತಿರ ನಿಂತು ಬರೆದುಕೊಂಡಿದ್ದ ನೋಟ್‌ಬುಕ್ ತೆಗೆದು ಓದಿದೆ. ಎಷ್ಟು ಮಕ್ಕಳು ರಸ್ತೆ ದಾಟಿದರು, ಆಗ ಎಷ್ಟು ಲಾರಿ ಹೋದವು, ಎಷ್ಟು ಮಕ್ಕಳು ಚರಂಡಿಗೆ ಇಳಿದರು. ಹಿಂದೆ ಕೂತಿದ್ದ ಒಬ್ಬ ಅಜ್ಜಿ, "ನನ್ನ ಮೊಮ್ಮಗಳೂ ಅದೇ ದಾರೀಲಿ ಹೋಗೋದು ಕಣವ್ವಾ, ಬರ್ಕೊಳ್ಳಿ ಅದ್ನ" ಅಂದರು. ಬರೆದುಕೊಂಡರು. ಗ್ರಾಮ ಸಭೆಯ ನಡಾವಳಿಯಲ್ಲೂ ಬಂತು. ನಡಾವಳಿ ಪುಸ್ತಕದಲ್ಲಿ ಬರುವ ತನಕ ನಾನು ಜಾಗ ಬಿಟ್ಟು ಏಳಲಿಲ್ಲ. ಈ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಬಾಯಿಮಾತಿನ ಒಪ್ಪಿಗೆಯಿಂದ ಅಂದಾಜು ಪಟ್ಟಿ ಆಗುವುದಿಲ್ಲ.

ಬೇಸಿಗೆ ರಜೆಯಲ್ಲಿ ಕೆಲಸ ಮುಗಿಸಬೇಕು ಅಂದುಕೊಂಡಿದ್ದೆವು. 2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ಹೊಸ ಕೆಲಸ ಶುರುಮಾಡುವಂತಿಲ್ಲ. ಮೇ 10ಕ್ಕೆ ಮತದಾನ. ಕೊನೆಗೆ ಚಪ್ಪಡಿ ಹಾಕಿದ್ದು ಜೂನ್‌ನಲ್ಲಿ, ಮಳೆಯ ನಡುವೆ, ಮಕ್ಕಳು ಶಾಲೆಗೆ ಬರುತ್ತಿದ್ದಾಗಲೇ. ಆ ಎರಡು ವಾರ ಪ್ರತಿದಿನ ಬೆಳಗ್ಗೆ, ಸಂಜೆ ನಾವು ಇಬ್ಬಿಬ್ಬರು ಹೆಂಗಸರು ಅಲ್ಲಿ ನಿಲ್ಲುತ್ತಿದ್ದೆವು.

ಹಂಪ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಇಲಾಖೆಗೆ ಬರೆದ ಪತ್ರಕ್ಕೆ ಉತ್ತರ ತಡವಾಯಿತು. ಹತ್ತಿರದಲ್ಲಿ ಡಾಂಬರು ಹಾಕುತ್ತಿದ್ದವರನ್ನು ಹಿಡಿದು ಊರಿನ ಹುಡುಗರು ರಾತ್ರೋರಾತ್ರಿ ಒಂದು ಹಂಪ್ ಹಾಕಿಸಿದರು. ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಗಿತ್ತು. ಗದ್ದೆಯ ಬದುವಿನ ಹಾಗೆ ಕಡಿದಾಗಿ ಎದ್ದುನಿಂತಿತ್ತು ಅದು. ಬಣ್ಣವಿಲ್ಲ, ಬೋರ್ಡಿಲ್ಲ. ನಾಲ್ಕನೇ ದಿನ ಕತ್ತಲಲ್ಲಿ ಬೈಕಿನಲ್ಲಿ ಬಂದ ದಂಪತಿ ಬಿದ್ದರು. ಹೆಂಗಸಿನ ಮೊಣಕೈ ಮುರಿಯಿತು. ಆಸ್ಪತ್ರೆಗೆ ಹೋಗಿ ಅವರನ್ನು ನೋಡಿ ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಇಲಾಖೆಯ ಎಂಜಿನಿಯರ್ ಬಂದು ಅದನ್ನು ಕೀಳಿಸಿದರು. ಬೈಯಲಿಲ್ಲ. ಟೇಪ್ ಬಿಚ್ಚಿ ರಸ್ತೆಯ ಮೇಲಿಟ್ಟು ತೋರಿಸಿದರು. ಐಆರ್‌ಸಿ 99ರ ಪ್ರಕಾರ ಹಂಪ್ ವಾಹನ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ ಎತ್ತರ ಬರೀ 10 ಸೆಂಟಿಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವರು ಹಾಯಾಗಿ ದಾಟುತ್ತಾರೆ. ಜೋರಾಗಿ ಬಂದವರಿಗೆ ಮಾತ್ರ ಎತ್ತಿಹಾಕುತ್ತದೆ. ಹಂಪ್‌ಗೆ 40 ಮೀಟರ್ ಮೊದಲೇ ಬೋರ್ಡು ಇರಬೇಕು. ನಮ್ಮ ಬದು ಒಂದು ಮೀಟರ್ ಕೂಡ ಇರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಂ ಬಗ್ಗೆಯೂ ಅವರೇ ಹೇಳಿದರು. ರಸ್ತೆಯನ್ನು ಮಾನದಂಡದಂತೆ ಮಾಡದೆ ಜೀವ ಹೋದರೆ, ಅಂಗ ಊನವಾದರೆ, ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಇಲಾಖೆಯವರು ಸಹಿ ಹಾಕಲು ಯಾಕೆ ಅಷ್ಟು ಹಿಂದೆಮುಂದೆ ನೋಡುತ್ತಾರೆ ಎಂದು ಆಗ ಅರ್ಥವಾಯಿತು.

ಎರಡನೇ ಸಲ ಪತ್ರ ಸರಿಯಾಗಿ ಬರೆದೆವು. ಪಂಚಾಯಿತಿ ಠರಾವು, ಹೆಡ್ ಮೇಷ್ಟ್ರ ಮನವಿ, ಠಾಣೆಯಿಂದ ಒಂದು ಪತ್ರ, ನನ್ನ ನೋಟ್‌ಬುಕ್ಕಿನ ಜೆರಾಕ್ಸ್. ಒಂದು ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕಳಿಸಿದೆವು. ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಅಲ್ಲಿ ವಿಷಯ ಬಂದ ಮೇಲೆ ಎರಡು ಹಂಪ್, ನಡುವೆ ಜೀಬ್ರಾ ಪಟ್ಟೆ, ಎರಡೂ ಕಡೆ ಬೋರ್ಡು ಬಂತು. ಇಲಾಖೆಯ ದುಡ್ಡಿನಲ್ಲೇ.

ಇಷ್ಟರಲ್ಲಿ ಅತಿ ಕಡಿಮೆ ಖರ್ಚಿನದು, ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಗೇಟು. ಶಾಲೆಯ ಗೇಟು ಮುಖ್ಯ ರಸ್ತೆಗೆ ಬಾಯಿ ತೆರೆದಿತ್ತು. ಬಿಟ್ಟ ಕೂಡಲೇ ಮಕ್ಕಳು ಓಡಿ ಬಂದು ಸೀದಾ ಡಾಂಬರಿಗೇ ಬೀಳುತ್ತಿದ್ದರು. ಕಾಂಪೌಂಡಿನ ಪಕ್ಕದ ಓಣಿಯ ಕಡೆ ಗೋಡೆ ಒಡೆದು ಅದೇ ಗೇಟನ್ನು ಅಲ್ಲಿಗೆ ಕೂರಿಸಿದೆವು. ಹಳೇ ಜಾಗಕ್ಕೆ ಗೋಡೆ ಎಬ್ಬಿಸಿದೆವು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಒಪ್ಪಿತು. ಖರ್ಚು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ, ಅಂದರೆ ಊರಿನವರು ಕಟ್ಟಿದ ಮನೆ ಕಂದಾಯದಿಂದ. ಗಾರೆ ಕೆಲಸದವರು ಒಂದು ದಿನದ ಕೂಲಿ ತೆಗೆದುಕೊಳ್ಳಲಿಲ್ಲ. ಅವರ ಮಕ್ಕಳೂ ಅಲ್ಲೇ ಓದುತ್ತಾರಲ್ವಾ?

ಈಗ ಮಕ್ಕಳು ಓಣಿಗೆ ಬಂದು, ತಿರುವಿನಲ್ಲಿ ನಿಧಾನವಾಗಿ, ಚಪ್ಪಡಿ ಮೇಲೆ ಸಾಲಾಗಿ ಹೋಗುತ್ತಾರೆ. ಟೀ ಅಂಗಡಿಯವರ ಹತ್ತಿರ ಎರಡು ಸಲ ಮಾತಾಡಬೇಕಾಯಿತು, ಬೈಕು ಚಪ್ಪಡಿ ಮೇಲೆ ಹತ್ತಿಸಬೇಡಿ ಎಂದು. ಈಗ ಅವರೇ ಕಲ್ಲು ಅಡ್ಡ ಇಟ್ಟಿದ್ದಾರೆ. ಜೀಬ್ರಾ ಪಟ್ಟೆ ಒಂದೇ ವರ್ಷದಲ್ಲಿ ಮಾಸಿತು. ಮತ್ತೆ ಬಳಿಸಲು ಇಲಾಖೆಗೆ ಪ್ರತಿವರ್ಷ ಏಪ್ರಿಲ್‌ನಲ್ಲೇ ಪತ್ರ ಹೋಗಬೇಕು ಎಂದು ಠರಾವು ಮಾಡಿಸಿದ್ದೇನೆ. ಗೇಟಿನಿಂದ ಐದನೇ ಚಪ್ಪಡಿ ಸ್ವಲ್ಪ ಅಲುಗಾಡುತ್ತದೆ. ಮಕ್ಕಳು ಬೇಕೆಂದೇ ಅದರ ಮೇಲೆ ಕುಣಿದು ಟಕ್ ಟಕ್ ಅನ್ನಿಸುತ್ತಾರೆ. ಗಾರೆಯವರಿಗೆ ಹೇಳಿದ್ದೇನೆ, ಭಾನುವಾರ ಬರುತ್ತಾರೆ.